ಕೊನೆ ಮನೆ ಇಲ್ಲದ ಪೈಪ್‌ಲೈನು

ಬೆಳಗಿನ ನಾಲ್ಕೂ ಮುಕ್ಕಾಲು. ಬೀದಿದೀಪದ ಕೆಳಗೆ ಒಬ್ಬರು ಮಂಡಿಯೂರಿ ಕೂತಿದ್ದಾರೆ. ರಸ್ತೆ ನಡುವಿನ ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿದಿದೆ. ಉದ್ದನೆಯ ಸಲಾಕೆಯ ಒಂದು ತುದಿ ಗುಂಡಿಯೊಳಗಿನ ವಾಲ್ವಿನ ಮೇಲೆ, ಇನ್ನೊಂದು ತುದಿ ಅವರ ಬಲಗಿವಿಗೆ. ನಾನು ಏನೋ ಕೇಳಲು ಬಾಯಿ ತೆರೆದರೆ ಕೈಯೆತ್ತಿ ಸುಮ್ಮನಿರಿಸುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ "ಬಂತು" ಎನ್ನುತ್ತಾರೆ. ನನಗೆ ಮಾತ್ರ ಏನೂ ಕೇಳಿಸಿಲ್ಲ.

ಇವರು ಐವತ್ತೆರಡು ಬೀದಿಗಳಿಗೆ ನೀರು ಬಿಡುವವರು. ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿದೆ, ಬೀದಿಯವರ ಬಾಯಲ್ಲಿ ಇವರು ನೀರಣ್ಣ. ನಲ್ಲಿಯಲ್ಲಿ ನೀರು ಬಂದ ದಿನ ಯಾರಿಗೂ ನೀರಣ್ಣನ ನೆನಪಾಗುವುದಿಲ್ಲ. ಬಾರದ ದಿನ ಎಲ್ಲರಿಗೂ ಆಗುತ್ತದೆ.

ವಾಲ್ವ್ ತೆರೆದು, ಮುಚ್ಚಳ ಎಳೆದು, ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನ್ ಬರುತ್ತದೆ. ಹತ್ತೊಂಬತ್ತನೆಯ ಬೀದಿಯ ಕೊನೆ ಮನೆಯಲ್ಲಿರುವ ನಿವೃತ್ತ ಟೀಚರಮ್ಮ. "ಬಂತಪ್ಪ ನೀರಣ್ಣ, ಆದ್ರೆ ನೂಲಿನ ಹಾಗೆ ಬರ್ತಿದೆ," ಎನ್ನುವ ದನಿ ನನಗೂ ಕೇಳಿಸುತ್ತದೆ. "ಇನ್ನೊಂದು ಹತ್ತು ನಿಮಿಷ ಬಿಡ್ತೀನಿ ಟೀಚರಮ್ಮ," ಎಂದು ಇವರು ಫೋನ್ ಇಡುತ್ತಾರೆ. ಆಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿಯುತ್ತಾರೆ.

"ಸರ್, ನೀವು ನಾಲ್ಕಕ್ಷರ ಓದಿದೋರು. ಒಂದು ಹೇಳಿ. ಮೊದಲು ಪ್ರೊಸೆಸರ್‌ಗೆ ನೀರು ಬಿಡ್ಲೋ, ಗ್ರಾಫಿಕ್ಸ್ ಕಾರ್ಡಿಗೆ ಬಿಡ್ಲೋ?"

ಯಾವುದೋ ಹೊಸ ಬಡಾವಣೆಗಳಿರಬೇಕು ಎಂದುಕೊಂಡು ನಾನು ತಲೆಯಾಡಿಸುತ್ತೇನೆ. ತಲೆಯಾಡಿಸಿದ್ದು ತಪ್ಪಾಯಿತು. ನೀರು ಬಿಡುವವರ ಬದುಕಿನ ಬಗ್ಗೆ ಬರೆಯಲು ಹದಿನೈದು ಪ್ರಶ್ನೆ ಗೀಚಿಕೊಂಡು ಹೋಗಿದ್ದ ನಾನು ಆಮೇಲಿನ ಮೂರು ವಾರ ಕಂಪ್ಯೂಟರಿನ ಹೊಟ್ಟೆಯೊಳಗೆ ದಾರಿ ತಪ್ಪಿ ಅಲೆದಿದ್ದೇನೆ. ಈ ಬರಹ ಅಲ್ಲಲ್ಲಿ ಗೊಂದಲಮಯವಾಗಿ ಕಂಡರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನೀರಣ್ಣನದು ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಹೆಂಡತಿಯ ಕಂಪ್ಯೂಟರ್ ಇದೆ. ಗೋದಿಹಿಟ್ಟಿನ ಡಬ್ಬಿಯ ಎರಡರಷ್ಟಿರುವ ಆ ಪೆಟ್ಟಿಗೆಯ ಒಂದು ಬದಿಯ ತಗಡು ಬಿಚ್ಚಿದೆ, ಅದಕ್ಕೆ ಎದುರಾಗಿ ಟೇಬಲ್ ಫ್ಯಾನ್ ತಿರುಗುತ್ತಿದೆ. ಆಕೆ ಶಾಲೆಯ ಪಾಠಗಳಿಗೆ ಚಲಿಸುವ ಚಿತ್ರ ಮಾಡಿಕೊಡುವವರು. ಅದರಲ್ಲೂ ಹೊಳೆ, ಅಲೆ, ಉಬ್ಬರವಿಳಿತದಂಥ ನೀರಿನ ಕೆಲಸವೆಲ್ಲ ಆಕೆಗೇ ಬರುತ್ತದೆ. ಗಂಡ ಬೆಳಗ್ಗೆ ಬಿಡುವುದು ನಿಜವಾದ ನೀರು, ಹೆಂಡತಿ ಹಗಲೆಲ್ಲ ಮಾಡುವುದು ಸುಳ್ಳು ನೀರು. ಇಬ್ಬರಲ್ಲಿ ಯಾರ ನೀರು ಕಷ್ಟದ್ದು ಎಂಬ ಬಗ್ಗೆ ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

"ಒಂದು ನಿಮಿಷದ ಅಲೆ ಮಾಡೋಕೆ ಇದು ಒಂಬತ್ತು ಗಂಟೆ ಲೆಕ್ಕ ಹಾಕುತ್ತೆ," ಆಕೆ ಪೆಟ್ಟಿಗೆ ತಟ್ಟಿ ಹೇಳುತ್ತಾರೆ. "ಆರನೇ ಗಂಟೆಗೆ ಕಾದು ಕೆಂಡ ಆಗಿ ತಾನೇ ಆಫ್ ಆಗ್ಬಿಡುತ್ತೆ. ಮತ್ತೆ ಮೊದಲಿಂದ. ಮೂರು ಸಲ ಆಯ್ತು." ಸಮುದ್ರದ ಪಾಠವನ್ನು ತಿಂಗಳ ಕೊನೆಗೆ ಒಪ್ಪಿಸಬೇಕು. ಆಗದಿದ್ದರೆ ಮನೆಯಿಂದ ಮಾಡುವ ಕೆಲಸ ಕೈಬಿಡುತ್ತದೆ, ಆಕೆ ಮತ್ತೆ ಸ್ಟುಡಿಯೋಗೆ ಹೋಗಬೇಕು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆಯ ಬಸ್ಸು. ಆ ಬಸ್ಸಿಗೇ ಬೆನ್ನು ಹಾಳಾಗಿ ಆರು ತಿಂಗಳು ಮಲಗಿದ್ದವರು ಆಕೆ. "ಮತ್ತೆ ಆ ಬಸ್ಸು ಹತ್ತೋ ಶಕ್ತಿ ನನಗಿಲ್ಲ. ನಿಜವಾಗ್ಲೂ ಭಯ ಆಗುತ್ತೆ," ಎಂದು ಹೇಳಿ ಫ್ಯಾನನ್ನು ಇನ್ನಷ್ಟು ಹತ್ತಿರಕ್ಕೆ ಎಳೆಯುತ್ತಾರೆ.

ಫ್ಯಾನಿನ ಗಾಳಿ ಸಾಲದು, ನೀರು ಹರಿಸಿ ತಣ್ಣಗೆ ಮಾಡಬೇಕು ಎಂದದ್ದು ಕಂಪ್ಯೂಟರ್ ಅಂಗಡಿಯವರು. ಕಾಯುವ ಭಾಗ ಎರಡು: ಲೆಕ್ಕ ಹಾಕುವ ಪ್ರೊಸೆಸರ್ ಮತ್ತು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಎರಡರ ಮೇಲೂ ಒಂದೊಂದು ತಾಮ್ರದ ಬಿಲ್ಲೆ ಕೂರಿಸಿ, ಅದರೊಳಗೆ ನೀರು ಹಾಯಿಸಬೇಕು. ಬಿಸಿಯಾದ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ, ಪುಟ್ಟ ಟ್ಯಾಂಕಿಗೆ ಬಂದು, ಪಂಪಿನಿಂದ ಮತ್ತೆ ಹೊರಡಬೇಕು. ರೆಡಿಮೇಡ್ ಸಿಗುವುದು ಪ್ರೊಸೆಸರಿಗೆ ಮಾತ್ರ. ಎರಡನ್ನೂ ಸೇರಿಸಿ ಮಾಡಬೇಕೆಂದರೆ ನಾವೇ ಯೋಜನೆ ಹಾಕಿಕೊಂಡು ಜೋಡಿಸಬೇಕು. "ನೀರು ಅಂದ್ರಲ್ಲ, ಅದಕ್ಕೆ ನಮ್ಮನೇಲೇ ಜನ ಇದ್ದಾರೆ ಅಂದ್ಬಿಟ್ಟೆ," ಎಂದು ಆಕೆ ನಗುತ್ತಾರೆ. "ಅದೇ ನಾನು ಮಾಡಿದ ತಪ್ಪು."

ನೀರಣ್ಣ ನಗುವುದಿಲ್ಲ. "ಇಪ್ಪತ್ತೆರಡು ವರ್ಷ ನೀರು ಬರ್ಲಿ, ಬರ್ಲಿ ಅಂತ ಕಾದೋನು ನಾನು. ಈಗ ಒಂದು ಹನೀನೂ ಆಚೆ ಬರಬಾರ್ದು ಅಂತ ಕಾಯ್ಬೇಕು. ಅದೂ ಕರೆಂಟಿನ ಪಕ್ಕದಲ್ಲಿ."

ಅವರ ಮೊದಲ ನಕ್ಷೆಯನ್ನು ನಾನು ನೋಡಿದ್ದೇನೆ. ಡ್ಯೂಟಿ ಹಾಳೆಯ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಬರೆದದ್ದು. ಪ್ರೊಸೆಸರಿಗೆ ಮುಂಚೆ ಒಂದು ವಾಲ್ವ್, ಗ್ರಾಫಿಕ್ಸ್ ಕಾರ್ಡಿಗೆ ಮುಂಚೆ ಒಂದು ವಾಲ್ವ್, ಮಧ್ಯೆ ಗಾಳಿ ಬಿಡಲು ಇನ್ನೊಂದು. ಕೊನೆಯ ಪೈಪು ಕಿಟಕಿಯಿಂದ ಆಚೆ ಹೋಗುತ್ತದೆ. ಅಂಗಡಿಯವರು ಕಕ್ಕಾಬಿಕ್ಕಿಯಾಗಿ ಇದೇನೆಂದು ಕೇಳಿದಾಗ, "ಉಳಿದ ನೀರು ಎಲ್ಲಾದ್ರೂ ಹೋಗ್ಬೇಕಲ್ಲ?" ಎಂದರಂತೆ. ಉಳಿಯುವುದೇ ಇಲ್ಲ, ಅದೇ ನೀರು ವಾಪಸ್ ಬರುತ್ತದೆ ಎಂದು ನೀರಣ್ಣನಿಗೆ ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು. "ಬಿಟ್ಟ ನೀರು ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ," ಎಂಬುದು ಅವರ ಸಮಜಾಯಿಷಿ. ಹೆಂಡತಿ ಮಾತ್ರ ಅಷ್ಟಕ್ಕೇ ಬಿಡಲಿಲ್ಲ: "ಇದು ಕಂಪ್ಯೂಟರ್ ರೀ, ಬಡಾವಣೆ ಅಲ್ಲ."

ಎರಡನೆಯ ಪೇಚು ಪೈಪಿನದು. ಇವರ ಕಸುಬಿನಲ್ಲಿ ಪೈಪನ್ನು ಒಳಗಿನ ಅಗಲದಿಂದ ಲೆಕ್ಕ ಹಿಡಿಯುತ್ತಾರೆ. ಒಳಗೆ ಹತ್ತು ಮಿಲಿಮೀಟರಿನ ಪೈಪು, ಹತ್ತಕ್ಕೆ ಸರಿಯಾದ ಫಿಟ್ಟಿಂಗು ತಂದರು. ಹೊರಗೆ ಪೈಪಿನ ದಪ್ಪ ಹದಿನಾರು, ಫಿಟ್ಟಿಂಗಿನ ಬಿಗಿಯುಂಗುರ ಹದಿಮೂರಕ್ಕೆ ಮಾಡಿದ್ದು. ಬಿಸಿನೀರಲ್ಲಿ ಅದ್ದಿದರೂ ಒಳಗೆ ಹೋಗಲಿಲ್ಲ. ತಮ್ಮ ಬೀದಿಗಳ ಮೂವತ್ತೆಂಟು ವಾಲ್ವುಗಳನ್ನು ಕಣ್ಣುಮುಚ್ಚಿ ಬಿಚ್ಚಬಲ್ಲವರು ಹೆಬ್ಬೆರಳಿನಷ್ಟು ಪೈಪಿನ ಮುಂದೆ ಕೂತು ಸೋತುಹೋದರು. "ಅವತ್ತು ನನಗೆ ಅಳು ಬರೋದೊಂದು ಬಾಕಿ," ಎನ್ನುತ್ತಾರೆ.

ಆದರೆ ಅವರ ತಲೆ ತಿಂದದ್ದು ಇದ್ಯಾವುದೂ ಅಲ್ಲ. ನನ್ನನ್ನು ಬೆಳಗಿನ ಜಾವ ಕೇಳಿದರಲ್ಲ, ಅದೇ ಪ್ರಶ್ನೆ: ಮೊದಲು ಯಾರಿಗೆ? ಪ್ರೊಸೆಸರಿನ ಬಿಸಿ ಹೊತ್ತ ನೀರು ಆಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಕಾರ್ಡಿಗೆ ಸಿಗುವುದು ಬಿಸಿನೀರಲ್ಲವೇ? ತಿರುಗಿಸಿದರೆ ಪ್ರೊಸೆಸರಿಗೆ ಅನ್ಯಾಯ. ಹನ್ನೆರಡು ನಕ್ಷೆ ಬರೆದರು, ಹನ್ನೆರಡರಲ್ಲೂ ಯಾರೋ ಒಬ್ಬರು ಕೊನೆಗೆ ಉಳಿದರು. ಅಂಗಡಿಯವರು "ಹೇಗೆ ಹಾಕಿದ್ರೂ ಒಂದೇ" ಎಂದರು, ವೀಡಿಯೋಗಳೂ ಅದನ್ನೇ ಹೇಳಿದವು. ನೀರಣ್ಣನಿಗೆ ನಂಬಿಕೆ ಬರಲಿಲ್ಲ. ಯಾರಿಗೆ ಮೊದಲು ಎಂಬುದರ ಮೇಲೆ ದಿನಾ ಬೈಸಿಕೊಳ್ಳುವವರಿಗೆ, ಅದು ಲೆಕ್ಕಕ್ಕೇ ಇಲ್ಲ ಎಂದರೆ ನಂಬಿಕೆ ಬರುವುದಾದರೂ ಹೇಗೆ?

ಇವರು ಹುಟ್ಟಿದ ಮನೆ ಒಂದು ಏರು ಬೀದಿಯ ಕೊನೆ ಮನೆ. ಕೆಳಗಿನ ಮನೆಗಳ ತೊಟ್ಟಿಯೆಲ್ಲ ತುಂಬಿದ ಮೇಲೆ ಇವರ ನಲ್ಲಿಗೆ ಅರ್ಧ ಕೊಡ ಬರುತ್ತಿತ್ತು. "ನಮ್ಮಮ್ಮ ಯಾರಿಗೂ ಬಯ್ಯೋಳಲ್ಲ. ಕೊಡ ಅಲ್ಲಾಡಿಸಿ ಎಷ್ಟಿದೆ ಅಂತ ನೋಡಿ, ಒಳಗಿಟ್ಟು ಬರೋಳು. ಆ ಅಲ್ಲಾಡಿಸೋ ಸದ್ದು ಇವತ್ತಿಗೂ ಕಿವೀಲಿದೆ." ಈ ಕೆಲಸಕ್ಕೆ ಸೇರಿದಾಗ ಕೊನೆ ಮನೆಗಳನ್ನೆಲ್ಲ ತಾನು ಸರಿಮಾಡುತ್ತೇನೆ ಎಂದುಕೊಂಡಿದ್ದರಂತೆ. ಈಗ ಒಂಬತ್ತು ಕಿಲೋ ತೂಕದ ವಾಲ್ವ್ ಕೀಲಿ ಹೆಗಲ ಮೇಲೆ ಹೊತ್ತು ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆಯುತ್ತಾರೆ, ಒಂದೊಂದು ಬೀದಿಗೆ ನಲವತ್ತು ನಿಮಿಷ ಬಿಡುತ್ತಾರೆ, ಟೀಚರಮ್ಮನ ಬೀದಿಗೆ ಹತ್ತು ನಿಮಿಷ ಜಾಸ್ತಿ. ಆದರೂ ಅಲ್ಲಿಂದ ಫೋನ್ ತಪ್ಪಿಲ್ಲ. ಅದು ಅವರಿಗೆ ನೋವಿನ ವಿಷಯ, ಮುಚ್ಚಿಡುವುದೂ ಇಲ್ಲ.

ಕೊನೆಗೆ ಅವರು ಹಿಡಿದ ದಾರಿ ನೋಡಿ. ಒಂದು ಬಕೆಟ್ ಬೆಚ್ಚನೆಯ ನೀರು, ಹಳೆಯ ಕೂಲರಿನ ಪಂಪು, ಒಂದಷ್ಟು ಉದ್ದದ ಪೈಪು. ಒಂದು ಪ್ರೊಸೆಸರ್, ಇನ್ನೊಂದು ಕಾರ್ಡು ಎಂದುಕೊಂಡು ಪೈಪನ್ನು ಕುದಿನೀರಿನ ಎರಡು ಪಾತ್ರೆಗಳೊಳಗೆ ಒಂದಾದ ಮೇಲೊಂದು ಸುತ್ತಿ ಬಕೆಟಿಗೇ ವಾಪಸ್ ಬಿಟ್ಟರು. ನೀರು ರಭಸವಾಗಿ ಸುತ್ತತೊಡಗಿತು. ಮೊದಲ ಪಾತ್ರೆಗೆ ಹೋಗುವ ಮುಂಚೆ ಒಂದು, ಎರಡನೆಯದಕ್ಕೆ ಹೋಗುವ ಮುಂಚೆ ಒಂದು, ಎರಡು ಜ್ವರದ ಥರ್ಮಾಮೀಟರುಗಳನ್ನು ಪೈಪಿಗೆ ತೂತು ಮಾಡಿ ತೂರಿಸಿದರು. ಅಡುಗೆಮನೆಯ ನೆಲವೆಲ್ಲ ಒದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, "ಯಾರಿಗ್ರೀ ಜ್ವರ?" ಎಂದರು.

ಒಂದರಲ್ಲಿ ಮೂವತ್ತೇಳು. ಇನ್ನೊಂದರಲ್ಲಿ ಮೂವತ್ತೇಳೂವರೆ. ಪೈಪನ್ನು ತಿರುಗುಮುರುಗು ಮಾಡಿದರೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನೀರು ಅಷ್ಟು ಬೇಗ ಬೇಗ ಸುತ್ತುವಾಗ ಬಿಸಿಯೂ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಆಗಿಬಿಡುತ್ತದೆ. ನೀರಣ್ಣ ಒದ್ದೆ ನೆಲದ ಮೇಲೇ ಕೂತುಬಿಟ್ಟರು. "ಹಾಗಾದ್ರೆ ಸುತ್ತು ಹಾಕಿದ್ರೆ ಕೊನೆ ಮನೆ ಅನ್ನೋದೇ ಇರಲ್ವಾ ಅಂತ ಇವಳನ್ನ ಕೇಳ್ದೆ. ಇವಳು ಮೊದಲು ನೆಲ ಒರಸಿ ಅಂದ್ಲು."

ನೆಲ ಒರೆಸುತ್ತಿದ್ದಾಗಲೇ ಅವರಿಗೆ ಹತ್ತೊಂಬತ್ತನೆಯ ಬೀದಿ ನೆನಪಾಯಿತಂತೆ. ಟೀಚರಮ್ಮನ ಮನೆಯ ಹತ್ತಿರ ಪೈಪು ಕೊನೆಯಾಗುತ್ತದೆ. ಅಲ್ಲಿಂದ ಹದಿನಾಲ್ಕು ಹೆಜ್ಜೆಗೆ ಹಿಂದಿನ ಬೀದಿಯ ಪೈಪು ಹಾದುಹೋಗಿದೆ. ಎರಡನ್ನೂ ಜೋಡಿಸಿದರೆ ಸುತ್ತು ಆಗುತ್ತದೆ, ಆ ಮನೆಗೆ ಎರಡೂ ಕಡೆಯಿಂದ ನೀರು ಬರುತ್ತದೆ. ಅಂದೇ ಅದರ ನಕ್ಷೆ ಬರೆದರು. ಕಂಪ್ಯೂಟರಿನ ಹದಿಮೂರನೆಯ ನಕ್ಷೆಯನ್ನೂ ಬರೆದರು. ಎರಡೂ ಡ್ಯೂಟಿ ಹಾಳೆಯ ಹಿಂಬದಿ, ಎರಡೂ ನೀಲಿ ಪೆನ್ನು.

ಮರುದಿನ ಕಚೇರಿಯಲ್ಲಿ ಕಿರಿಯ ಇಂಜಿನಿಯರ್ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಟ್ಯಾಂಕ್ ಸರಿ, ಪಂಪ್ ಸರಿ. ಈ ಪ್ರೊಸೆಸರ್ ಬೀದಿ ಯಾವ ವಾರ್ಡಿಗೆ ಬರುತ್ತೆ?" ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿ ಇನ್ನೊಂದು ಹಾಳೆ ಹಿಡಿದು, ತನ್ನ ಕಂಪ್ಯೂಟರಿನಲ್ಲಿ ಟೀಚರಮ್ಮ ಎಂಬ ಭಾಗ ಎಲ್ಲಿದೆ ಎಂದು ಹುಡುಕುತ್ತಿದ್ದರು. "ಅರ್ಧ ಗಂಟೆ ಹುಡುಕಿದೀನಿ. ಕೊನೆಗೆ ರೇಡಿಯೇಟರಿಗೆ ಇವ್ರು ಇಟ್ಟ ಹೆಸರಿರಬೇಕು ಅಂದ್ಕೊಂಡೆ," ಎಂದು ಆಕೆ ಹೇಳುವಾಗ ನೀರಣ್ಣ ಗೋಡೆ ನೋಡುತ್ತಾರೆ.

ಜೋಡಣೆಯ ದಿನ ನಾನೂ ಇದ್ದೆ. ಬೆಳಗಿನ ಸುತ್ತು ಮುಗಿಸಿ ಬಂದು, ಕೈ ತೊಳೆದು, ನೆಲದ ಮೇಲೆ ಬಟ್ಟೆ ಹಾಸಿ ಕೂತರು. ಈ ಸಲ ಪೈಪೂ ಫಿಟ್ಟಿಂಗೂ ಹೊಂದಿದವು. ಪ್ರತಿ ಜೋಡಣೆಯ ಕೆಳಗೂ ಬಿಳಿಯ ಟಿಶ್ಯೂ ಪೇಪರ್ ಇಟ್ಟರು, ಒಂದು ಹನಿ ಬಿದ್ದರೂ ಗೊತ್ತಾಗಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಟ್ಯಾಂಕಿಗೆ ಸುರಿದು, ಪಂಪಿಗೆ ಮಾತ್ರ ಕರೆಂಟು ಕೊಟ್ಟರು. ಗರಗರ ಸದ್ದು ಬಂತು. ಹೆಂಡತಿ ಸೆರಗಿನ ತುದಿ ಬಾಯಿಗೆ ಹಿಡಿದಿದ್ದರು. ನನಗಂತೂ ಕೆಟ್ಟುಹೋಯಿತು ಎನಿಸಿತು.

ನೀರಣ್ಣ ಸ್ಕ್ರೂಡ್ರೈವರಿನ ತುದಿಯನ್ನು ರೇಡಿಯೇಟರಿಗೆ ತಾಗಿಸಿ ಹಿಡಿಯನ್ನು ಬಲಗಿವಿಗೆ ಇಟ್ಟುಕೊಂಡರು. ಮೂರು ವಾರಗಳಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಗೊಂದಲವಿರಲಿಲ್ಲ. "ಏನಿಲ್ಲ, ಗಾಳಿ ಹಿಡಿದಿದೆ," ಎಂದು ಪೆಟ್ಟಿಗೆಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಎರಡು ಸಲ ತಟ್ಟಿದರು. ಗುಳ್ಳೆಗಳು ಸಾಲಾಗಿ ಟ್ಯಾಂಕಿಗೆ ಬಂದು ಒಡೆದವು. ಸದ್ದು ನಿಂತಿತು.

ಎಲ್ಲೂ ಸೋರದೆ ರಾತ್ರಿಯಿಡೀ ಪಂಪು ಓಡಬೇಕು. ಮಾರನೆಯ ಬೆಳಗ್ಗೆ ಬೀದಿಯಲ್ಲಿ ವಾಲ್ವಿನ ಮುಂದೆ ಕೂತಿದ್ದಾಗ ಫೋನ್ ಬಂತು. ಟೀಚರಮ್ಮನಲ್ಲ, ಹೆಂಡತಿ. "ಪೇಪರೆಲ್ಲ ಒಣಗೇ ಇದೆ ರೀ." ಅವರು ಕೀಲಿಯನ್ನು ರಸ್ತೆಗೆ ಊರಿ, ಅದರ ಮೇಲೆ ಹಣೆಯಿಟ್ಟರು.

ಆಮೇಲೆ ಆ ಕಂಪ್ಯೂಟರ್ ಒಂಬತ್ತು ಗಂಟೆ ನಿಲ್ಲದೆ ಓಡಿತು. ಸಮುದ್ರದ ಪಾಠ ಎರಡು ದಿನ ಮುಂಚೆಯೇ ಹೋಯಿತು. ಪರದೆಯ ಮೇಲೆ ಆ ಒಂದು ನಿಮಿಷವನ್ನು ನನಗೂ ತೋರಿಸಿದರು. ಅಲೆ ದಡಕ್ಕೆ ಬಂತು, ಮರಳನ್ನು ಒದ್ದೆ ಮಾಡಿ ಹಿಂದೆ ಸರಿಯಿತು. "ನೋಡಿ ಸರ್, ಇದೂ ವಾಪಸ್ ಹೋಗುತ್ತೆ," ಎಂದು ನೀರಣ್ಣ ಹೆಂಡತಿಯ ಕಡೆ ನೋಡಿದರು. ಆಕೆ ಬೆನ್ನಿಗೆ ದಿಂಬು ಕೊಟ್ಟು ಕೂತು ಮುಂದಿನ ಪಾಠದ ಕಾಗದ ಓದುತ್ತಿದ್ದರು.

ಸರಿಯಾದ ನಕ್ಷೆ ಈಗ ಇಂಜಿನಿಯರ್ ಮೇಜಿನ ಮೇಲಿದೆ. "ನೋಡೋಣ" ಎಂದಿದ್ದಾರಂತೆ. ಹದಿನಾಲ್ಕು ಹೆಜ್ಜೆ ಅಗೆಯಲು ಎಷ್ಟು ದಿನ ನೋಡಬೇಕೋ ನನಗೆ ತಿಳಿಯದು. ಹೊರಡುವ ಮುನ್ನ, ನಿಮ್ಮ ಆಸೆ ಏನು ಎಂದು ಈ ಅಂಕಣದ ಮಾಮೂಲಿ ಪ್ರಶ್ನೆ ಕೇಳುತ್ತೇನೆ. ಅವರು ಕೀಲಿಯನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

"ನಾನು ರಿಟೈರ್ ಆಗೋದ್ರೊಳಗೆ ಟೀಚರಮ್ಮ ಒಂದು ದಿನ ನನಗೆ ಫೋನ್ ಮಾಡೋದನ್ನ ಮರೀಬೇಕು ಸರ್."