ಎಡಕ್ಕೆ ವಾಲುವ ರಾಜ

ನಮ್ಮ ಅಡುಗೆಮನೆಯ ಗೋಡೆಯ ಪಟದಲ್ಲಿರುವ ರಾಜ ದಿನಾ ಎಡಕ್ಕೆ ವಾಲುತ್ತಾನೆ. ಬೆಳಿಗ್ಗೆ ನೆಟ್ಟಗೆ ಮಾಡಿದರೆ ಮಧ್ಯಾಹ್ನಕ್ಕೆ ಕುದುರೆ ಗುಡ್ಡ ಇಳಿಯುತ್ತಿರುತ್ತದೆ. ನೆಟ್ಟಗಿರಲೇಬೇಕೆಂಬ ಹಟ ನನಗಿಲ್ಲ, ನನ್ನ ನಡುವೇ ನೆಟ್ಟಗಿಲ್ಲ. ಆದರೆ ಈತ ಯಾರಿಗೂ ತಲೆ ಬಾಗದ ರಜಪೂತ ರಾಜನಂತೆ. ಅದಕ್ಕೇ ನಗು ಬರುತ್ತದೆ. ಅಂಥವನು ಮಸ್ಕಿಯ ಅಡುಗೆಮನೆಗೆ ಹೇಗೆ ಬಂದ ಎನ್ನುತ್ತೀರಾ? ನಾನೇ ತಂದೆ, ಅದೂ ಸುಳ್ಳು ಹೇಳಿ.

ಆಗ ನಿಜಾಮರ ರಾಜ್ಯ. ನಾನು ಮುಕ್ಕುಂದದಿಂದ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮನೆದೇವರು ಮೈಲಾರಲಿಂಗ. ಕುದುರೆಯ ಮೇಲೆ ಕತ್ತಿ ಹಿಡಿದ ದೇವರು, ಜೊತೆಗೆ ಅವನ ಹೆಂಡತಿ ಮಾಳವ್ವ, ಕೆಳಗೊಂದು ನಾಯಿ ಇದ್ದ ಕಾಗದದ ಪಟಕ್ಕೆ ಚೌಕಟ್ಟು ಹಾಕಿ ಎರಡು ದಾರದಲ್ಲಿ ತೂಗುಹಾಕಿದ್ದರು. ಅದಕ್ಕೆ ಭಂಡಾರದ ಅರಿಶಿನ ಹಾಕದೆ ನಮ್ಮತ್ತೆ ನೀರೂ ಕುಡಿಯುತ್ತಿರಲಿಲ್ಲ. “ಆ ಪಟಕ್ಕೇನರ ಆದ್ರ ಸೀದಾ ತವರಿಗೆ ನಡಿ, ಹೊಳ್ಳಿ ಬರಬ್ಯಾಡ” ಎಂದು ಮೊದಲೇ ಹೇಳಿಟ್ಟಿದ್ದರು.

ಒಂದು ದಿನ ನಾನು ದೀಪವನ್ನು ತೀರ ಹತ್ತಿರ ಇಟ್ಟೆ. ದೇವರು, ದೇವಿ, ನಾಯಿ ಮೂವರೂ ಬೂದಿಯಾದರು. ಕಟ್ಟಿಗೆಯ ಚೌಕಟ್ಟು ಉಳಿಯಿತು. ತವರಿನಲ್ಲಿ ಅಣ್ಣನ ಹೆಂಡತಿ ನನಗಾಗಿ ಹಾಸಿಗೆ ಹಾಸಿಟ್ಟುಕೊಂಡು ಕೂತಿರಲಿಲ್ಲ.

ಅತ್ತೆಯ ಕಣ್ಣಿಗೆ ಪೊರೆ ಬಂದದ್ದು ನನ್ನ ಪುಣ್ಯ. ಆಗೆಲ್ಲ ಮಿಲ್ಲಿನ ಬಟ್ಟೆಯ ಥಾನುಗಳಿಗೆ ಬಣ್ಣದ ಚಿತ್ರ ಅಂಟಿಸಿ ಕಳಿಸುತ್ತಿದ್ದರು. ಊರೂರು ತಿರುಗಿ ಬಟ್ಟೆ ಮಾರುತ್ತಿದ್ದ ಸಿಂಧನೂರಿನ ಮಾರವಾಡಿ ಸೇಠಜಿಯಿಂದ ಅಂಥದೊಂದನ್ನು ಬೇಡಿ ಪಡೆದು ಉಳಿದ ಚೌಕಟ್ಟಿಗೆ ಅಂಟಿಸಿದೆ. ಕುದುರೆ, ಕತ್ತಿ, ಮೀಸೆ ಮೂರೂ ಇದ್ದವು. ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

“ಮಾಳವ್ವ ಎಲ್ಲಿ?”

“ತವರಿಗೆ ಹೋಗ್ಯಾಳ್ರಿ ಅತ್ತಿ.”

“ನಾಯಿ?”

“ಆಕಿ ಹಿಂದ ಹೋಗೇತ್ರಿ.”

ಹೆಂಡತಿ ತವರಿಗೆ ಹೋದ ಗಂಡಸೆಂದು ಕನಿಕರಪಟ್ಟು ಅತ್ತೆ ಎರಡು ಚಿಟಿಕೆ ಭಂಡಾರ ಹೆಚ್ಚು ಹಾಕಿದರು. “ಇನ್ನೂ ಬಂದಿಲ್ಲೇನ ಆಕಿ?” ಎಂದು ವಾರವಾರ ಕೇಳುತ್ತಿದ್ದರು.

ಒಂದು ಭಾನುವಾರ ಗೊರವಯ್ಯನನ್ನು ಕರೆಸಿದರು. ಮೈಲಾರನ ಈ ಭಕ್ತರು ಕಂಬಳಿ ಹೊದ್ದು, ದೇವರ ನಾಯಿಗಳಂತೆ ಬೊಗಳಿ, ಹಾಲುಹಣ್ಣಿಗೆ ನೇರ ಬಾಯಿ ಹಾಕಿ ತಿನ್ನುತ್ತಾರೆ. ಅದು ಅವರ ಸೇವೆ. ಆತ ರಾಜನ ಮುಂದೆ ಕೈಕಾಲೂರಿ ಮನಸಾರೆ ಬೊಗಳುತ್ತಿದ್ದಾಗಲೇ ಬಟ್ಟೆಗಂಟು ಹೊತ್ತ ಸೇಠಜಿ ಬಾಗಿಲಲ್ಲಿ ನಿಂತರು.

“ಅರೇ ರಾಮ್! ನಮ್ ರಾಜಾಸಾಹೇಬ್ರಿಗೆ ಯಾಕ್ ಬೊಗಳ್ತಾನೆ ಇವನು?”

ಗೊರವಯ್ಯ ಬೊಗಳುವುದನ್ನು ಅರ್ಧಕ್ಕೇ ನಿಲ್ಲಿಸಿದ. ಅತ್ತೆ ನನ್ನ ಕಡೆ ತಿರುಗಿದರು. ನಾನು ಎಲ್ಲ ಒಪ್ಪಿಕೊಂಡೆ.

“ಗಂಟು ಕಟ್ಟು” ಎಂದರು. ಇದ್ದದ್ದು ಎರಡು ಸೀರೆ, ಹೊತ್ತು ಹಿಡಿಯಲಿಲ್ಲ.

ಸೇಠಜಿಗೆ ನನ್ನ ಪರಿವೆಯೇ ಇರಲಿಲ್ಲ. ತಮ್ಮ ರಾಜನ ಚರಿತ್ರೆ ಶುರುಮಾಡಿಬಿಟ್ಟಿದ್ದರು. ಹೆಸರು ಹೇಳಿದರು, ನನ್ನ ನಾಲಿಗೆಗೆ ಹತ್ತಲಿಲ್ಲ. ದಿಲ್ಲಿಯ ಬಾದಶಹನಿಗೆ ತಲೆ ಬಾಗಲಾರೆನೆಂದು ಅರಮನೆ ಬಿಟ್ಟು ಕಾಡು ಸೇರಿದನಂತೆ, ಗಾಯಗೊಂಡ ಕುದುರೆ ಹಳ್ಳ ಹಾರಿ ಒಡೆಯನನ್ನು ಉಳಿಸಿ ತಾನು ಸತ್ತಿತಂತೆ. ಅತ್ತೆ ಮಿಸುಕಲಿಲ್ಲ. “ಕಾಡಲ್ಲಿ ಹುಲ್ಲಿನ ರೊಟ್ಟಿ ತಿಂದ್ರು, ಅಮ್ಮಾ” ಎಂದಾಗ ಮಾತ್ರ ಕಿವಿಗೊಟ್ಟರು.

“ಹುಲ್ಲಿಂದು? ಹೆಂಗ ಬಡೀತಿದ್ರು ಅದನ್ನ? ಹರೀತಿದ್ದಿಲ್ಲೇನು?”

ಅತ್ತೆ ಪಟದ ಕಡೆ ತಿರುಗಿದರು. “ಎಪ್ಪಾ, ಉಪವಾಸ ಇದ್ದಾವಗ ಇಷ್ಟು ದಿನ ಬರೇ ಅರಿಶಿನ ಹಾಕೀನಲ್ಲೋ!” ಆಮೇಲೆ ನನಗೆ, “ಏನ ನೋಡಾಕತ್ತೀಯ ಬೇ? ಎರಡು ಬಿಸಿ ರೊಟ್ಟಿ ಬಡಿ. ಜ್ವಾಳದ್ದು.”

“ನಾ ತವರಿಗೆ ಹೋಗೂದ್ರಿ?”

“ನೀ ಹೋದ್ರ ಅವಗ ರೊಟ್ಟಿ ಯಾರು ಬಡೀಬೇಕು? ನನಗ ಒಲಿ ಕಾಣಂಗಿಲ್ಲ.”

ಮುಂದೆ ಮೈಲಾರನ ಹೊಸ ಪಟ ಬಂತು, ಮಾಳವ್ವ ನಾಯಿಯೊಡನೆ ತವರಿನಿಂದ ಮರಳಿದಳು. ರಾಜನನ್ನು ಮಾತ್ರ ಯಾರೂ ಇಳಿಸಲಿಲ್ಲ. ತನ್ನ ಕೋಟೆ ಉಳಿಸಿಕೊಂಡನೋ ಇಲ್ಲವೋ ನಾನರಿಯೆ, ನನ್ನ ಸಂಸಾರವನ್ನಂತೂ ಉಳಿಸಿದ.

ಅಂದಿನಿಂದ ಮೊದಲ ರೊಟ್ಟಿಯ ಚೂರು ಅವನ ಚೌಕಟ್ಟಿನ ಮೇಲೆ. ಅದಕ್ಕೆ ಬಂದ ಇಲಿಯೊಂದು ಎಡಗಡೆಯ ದಾರ ಕಡಿದು, ಬಾದಶಹನ ಫೌಜಿನಿಂದ ಆಗದ್ದನ್ನು ಮಾಡಿ ಹೋಯಿತು. ನಾನು ಹಾಕಿದ ಗಂಟು ದಿನಾ ಸಡಿಲುತ್ತದೆ. ಈಗಷ್ಟೇ ನೆಟ್ಟಗೆ ಮಾಡಿ ಬಂದೆ, ಆಗಲೇ ವಾಲಿದ್ದಾನೆ. ಬಾಗಿದನೆಂದು ತಿಳಿಯಬೇಡಿ. ಆ ಕಡೆ ಒಲೆಯಿದೆ.