ಹಿಲ್ಮಿಯ ಓಡಿಸಿದ ಟ್ಯಾಂಕು

ಸ್ಪ್ರೆಚಾ ನದಿಯ ದಡದ ಆ ಗಣಿ ಊರಿನಲ್ಲಿ ಹಿಲ್ಮಿಯ ಪಾಶಿಚ್ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ, ಮೂವತ್ತು ವರ್ಷ ಸುಳ್ಳು ಹೇಳಿದ. ಬಸ್ಸು ಆಗಾಗ ಕೆಟ್ಟು ನಿಂತದ್ದುಂಟು. ಸುಳ್ಳು ಮಾತ್ರ ಒಂದು ದಿನವೂ ಕೈಕೊಡಲಿಲ್ಲ. ಇದನ್ನು ಈಗ ಅವನೇ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ನಗುತ್ತಾನೆ.

ಸುಳ್ಳು ಅಂಥ ದೊಡ್ಡದೇನಲ್ಲ. ಇಪ್ಪತ್ತನೆಯ ವಯಸ್ಸಿಗೆ ಎಲ್ಲರಂತೆ ಅವನೂ ಎರಡು ವರ್ಷದ ಕಡ್ಡಾಯ ಸೇವೆಗೆಂದು ಸೈನ್ಯಕ್ಕೆ ಹೋಗಿದ್ದ. ಹೋದದ್ದು ಟ್ಯಾಂಕು ದಳಕ್ಕೇ. ಆದರೆ ಅಲ್ಲಿ ಮಾಡಿದ್ದು ಅಡುಗೆಮನೆಯ ಹಿಂದೆ ಕೂತು ಆಲೂಗಡ್ಡೆ ಸುಲಿಯುವ ಕೆಲಸ. ಟ್ಯಾಂಕಿನೊಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಮಳೆ ಬಂತೆಂದು. ಊರಿಗೆ ಬಂದ ಮೇಲೆ ಕಾಫಿ ಅಂಗಡಿಯಲ್ಲಿ ಯಾರೋ "ಟ್ಯಾಂಕು ಓಡಿಸ್ತಿದ್ಯಾ?" ಎಂದು ಕೇಳಿದಾಗ ಬಾಯಿ ತಾನಾಗಿ "ಹೂಂ" ಅಂದುಬಿಟ್ಟಿತು. ಆಮೇಲೆ ಬಡಾಯಿಗೆ ಕಡಿವಾಣವೇ ಇಲ್ಲ.

"ಮೂವತ್ನಾಲ್ಕನೇ ಮಾಡೆಲ್ಲಿನ ಟ್ಯಾಂಕು ಅಂದ್ರೆ ಪಳಗಿದ ಕುದುರೆ ಇದ್ದ ಹಾಗೆ. ಕಿವಿ ಹಿಂಡಿದ್ರೆ ಸಾಕು, ತಿರುಗುತ್ತೆ," ಎನ್ನುತ್ತಿದ್ದ.

ನಿಜ ಗೊತ್ತಿದ್ದವರು ಇಬ್ಬರೇ. ಒಬ್ಬಳು ಹೆಂಡತಿ ಜುಮ್ರೆತಾ. ಇನ್ನೊಬ್ಬ ಗುಡ್ಡದಾಚೆ ಹಳ್ಳಿಯ ರಾಂಕೊ. ಅದೇ ದಳದಲ್ಲಿ ನಿಜಕ್ಕೂ ಟ್ಯಾಂಕು ಓಡಿಸಿದವನು, ಆಮೇಲೆ ಜೇನು ಸಾಕಿಕೊಂಡಿದ್ದವನು. ವಾರಕ್ಕೊಮ್ಮೆ ಬಂದು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ, ಗೆಳೆಯನ ಮಾನ ಕಳೆಯುತ್ತಿರಲಿಲ್ಲ. "ಹಿಲ್ಮೋ ಇಲ್ಲದಿದ್ರೆ ನಮ್ಮ ದಳ ಸತ್ತೇ ಹೋಗ್ತಿತ್ತು ಕಣ್ರೋ," ಎನ್ನುತ್ತಿದ್ದ. ಜನ ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳುತ್ತಿದ್ದರು.

ತೊಂಬತ್ತೆರಡರ ವಸಂತದಲ್ಲಿ ದೇಶ ಒಡೆದು, ಊರೂರುಗಳ ನಡುವೆಯೇ ಯುದ್ಧ ಬಂತು. ರಾಂಕೊನ ಹಳ್ಳಿ ಆ ಕಡೆಯಾಯಿತು, ಹಿಲ್ಮಿಯನ ಊರು ಈ ಕಡೆ. ನಡುವಿನ ರಸ್ತೆಯಲ್ಲಿ ಹುಲ್ಲು ಬೆಳೆಯಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಿಲ್ಮಿಯ ಅಂಗಳದಲ್ಲಿ ಪ್ಲಮ್ ಹಣ್ಣಿನ ಪಾಕ ಕುದಿಸುತ್ತಿದ್ದ. ಮಿರ್ಸಾದ್ ಬಂದ, ಹಿಂದೆ ಅರ್ಧ ಬೀದಿ. ಮೊನ್ನೆಮೊನ್ನೆಯವರೆಗೆ ಶಾಲೆಯ ವ್ಯಾಯಾಮದ ಮೇಷ್ಟ್ರಾಗಿದ್ದವನು ಈಗ ಊರಿನ ಕಮಾಂಡರ್.

"ಚಿಕ್ಕಪ್ಪ, ನಿಮ್ಮ ಕಾಲ ಬಂತು! ಹಳೇ ಸೈನ್ಯದೋರು ಗೋದಾಮಲ್ಲಿ ಒಂದು ಮೂವತ್ನಾಲ್ಕು ಟ್ಯಾಂಕು ಬಿಟ್ಟುಹೋಗಿದಾರೆ."

"ಯಾಕೆ ಬಿಟ್ಟುಹೋದರಂತೆ?"

"ಸ್ಟಾರ್ಟ್ ಆಗಲಿಲ್ಲವಂತೆ. ನೀವಿದೀರಲ್ಲ!"

ಹಿಲ್ಮಿಯನಿಗೆ ಒಲೆಯ ಮುಂದೆಯೂ ಮೈ ತಣ್ಣಗಾಯಿತು. ಜುಮ್ರೆತಾ ಸೌಟು ಬಿಡದೆ ಅವನ ಕಿವಿಯ ಹತ್ತಿರ ಬಂದಳು. "ಹೇಳಿಬಿಡು ಮಾರಾಯ. ಆಲೂಗಡ್ಡೆ ಅಂತ ಹೇಳಿಬಿಡು."

"ಈಗ ಹ್ಯಾಗೆ ಹೇಳೋದೇ? ಇಡೀ ಬೀದಿ ನೋಡ್ತಿದೆ."

"ನಾಳೆ ನಿನ್ನ ಹೆಣಾನೂ ಇಡೀ ಬೀದಿ ನೋಡುತ್ತೆ."

ಅವನು ಅಂಗಿಯ ಗುಂಡಿ ಹಾಕಿಕೊಂಡು ಹೊರಟ. ಐವತ್ತನಾಲ್ಕು ವರ್ಷದ ಮನುಷ್ಯ ಪ್ರಾಣ ಬೇಕಾದರೂ ಬಿಟ್ಟಾನು, ಬಡಾಯಿ ಬಿಡಲಾರ ಎಂದು ಅವತ್ತು ತನಗೆ ಗೊತ್ತಾಯಿತು ಎನ್ನುತ್ತಾನೆ.

ಗೋದಾಮಿನಲ್ಲಿ ಟ್ಯಾಂಕು ತುಕ್ಕು ಹಿಡಿದು ಕೂತಿತ್ತು. ಒಳಗಿನ ತಗಡಿನ ಮೇಲೆ ೧೯೪೪ ಎಂದು ಬರೆದಿತ್ತು. ತನಗಿಂತ ಆರು ವರ್ಷ ಚಿಕ್ಕದು, ಆದರೂ ತನಗಿಂತ ಹೆಚ್ಚು ಸವೆದಿತ್ತು. ಗಣಿಯ ಮೆಕ್ಯಾನಿಕ್‌ಗಳು ಎಂಜಿನ್ ಎಬ್ಬಿಸಲು ಗಾಳಿ ತುಂಬುವ ಯಂತ್ರ ತಂದರು, ಅವನದೇ ಬಸ್ಸಿನ ಬ್ಯಾಟರಿ ಬಿಚ್ಚಿ ತಂದರು. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ದಪ್ಪ ರಬ್ಬರನ್ನು ಕತ್ತರಿಸಿ ಸುತ್ತಲೂ ತೂಗುಹಾಕಿದರು, ಗುಂಡು ತಡೆಯಲಿ ಎಂದು. ಮಳೆಗೆ ಟಾರ್ಪಾಲು ಇಳಿಬಿಟ್ಟ ತರಕಾರಿ ಅಂಗಡಿಯಂತೆ ಕಾಣುತ್ತಿತ್ತು. ಮೂರನೇ ದಿನ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಗುಡುಗಿತು. ಜನ ಚಪ್ಪಾಳೆ ತಟ್ಟಿದರು.

ಹಿಲ್ಮಿಯ ಒಳಗೆ ಕೂತು ಗೇರಿನ ಕಡ್ಡಿ ಎಳೆದ. ಅದು ಅಲ್ಲಾಡಲಿಲ್ಲ. ಎರಡು ಕೈಯಲ್ಲಿ ಎಳೆದ, ಕಾಲು ಕೊಟ್ಟು ಒದ್ದ. ಹೊರಗೆ ಬಂದು ಗಂಭೀರವಾಗಿ, "ಗೇರ್‌ಬಾಕ್ಸ್ ಹೋಗಿದೆ," ಅಂದ. ಮೆಕ್ಯಾನಿಕ್‌ಗಳು ಎರಡು ದಿನ ಬಿಚ್ಚಿ ನೋಡಿ, "ಏನೂ ಆಗಿಲ್ಲ ಚಿಕ್ಕಪ್ಪ, ಹೊಸದಿದ್ದ ಹಾಗಿದೆ," ಎಂದು ಖುಷಿಯಿಂದ ಮುಚ್ಚಿಟ್ಟರು.

ಪೋಸ್ಟ್ ಆಫೀಸಿನ ಹಿಂದಿನ ಕೋಣೆಯಲ್ಲಿ ಎನಿಸಾ ಎಂಬ ಟೀಚರಮ್ಮ ರೇಡಿಯೋ ಇಟ್ಟುಕೊಂಡಿದ್ದಳು. ಆ ಕಡೆ ಸಿಕ್ಕಿಕೊಂಡ ನೆಂಟರ ಜೊತೆ ಬುಧವಾರ ಬೆಳಿಗ್ಗೆ ಜನ ಅದರಲ್ಲಿ ಮಾತಾಡುತ್ತಿದ್ದರು. ಹಿಲ್ಮಿಯ ಸರದಿಯಲ್ಲಿ ನಿಂತು ರಾಂಕೊನನ್ನು ಕರೆಸಿದ.

"ರಾಂಕೊ, ಆರೋಗ್ಯ ಹ್ಯಾಗಿದೆ?"

"ಬದುಕಿದೀನಿ. ನೀನು?"

"ನಾನೂ. ಒಂದು ಮುದಿ ಹಸು ಸಿಕ್ಕಿದೆ ಕಣೋ. ಆ ಕಾಲದಲ್ಲಿ ನಮ್ಮಲ್ಲಿ ಇದ್ದವಲ್ಲ, ಅದೇ ತಳಿ. ಎಬ್ಬಿಸಿ ನಿಲ್ಲಿಸಿದ್ವಿ, ಹೆಜ್ಜೆ ಎತ್ತಿಡಲ್ಲ."

ರೇಡಿಯೋದ ಗರಗರ ಸದ್ದಿನ ನಡುವೆ ಕೆಮ್ಮು ಬರುವಷ್ಟು ನಗು. "ಅಯ್ಯೋ ಆಲೂಗಡ್ಡೇ! ನಿನ್ನ ಕೈಗೆ ಕೊಟ್ರಾ?"

ಎನಿಸಾ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

"ಕೇಳು," ಅಂದ ರಾಂಕೊ. "ಕೈಯಲ್ಲಿ ಎಳೆದ್ರೆ ಆಗಲ್ಲ. ಸೀಟಿನ ಪಕ್ಕ ಸುತ್ತಿಗೆ ಇಟ್ಕೋ, ಗೇರಿನ ಕಡ್ಡಿಗೆ ಹೊಡಿ. ಎಲ್ಲರೂ ಹಾಗೇ ಮಾಡ್ತಿದ್ದಿದ್ದು. ಒಂದನೇದಕ್ಕೆ ಹೋಗ್ಬೇಡ, ಎರಡನೇದರಲ್ಲೇ ಎಬ್ಬಿಸು."

"ಇದೆಲ್ಲಾ ನನಗ್ಯಾಕೋ ಹೇಳಿಕೊಡ್ತೀಯ? ನಿಮ್ಮೋರು ಬೈಯಲ್ವಾ?"

"ಹಸು ಹೊಡಿಯೋನು ನೀನು ಅಂದ್ಮೇಲೆ ನಮ್ಮೋರಿಗೇನು ಭಯ? ಹುಷಾರಾಗಿರು ಹಿಲ್ಮೋ. ಸಾಯ್ಬೇಡ."

ಮಾರನೆಯ ಬೆಳಿಗ್ಗೆ ಆರಕ್ಕೆ ಹೊರಟರು. ಐವರು ಕೂರಬೇಕಾದ ಟ್ಯಾಂಕಿನಲ್ಲಿ ಇಬ್ಬರೇ: ಹಿಲ್ಮಿಯ, ಮತ್ತು ಗುಂಡು ಹಾರಿಸಲು ಬೇಕರಿಯ ವಾಹಿದ್. ಸೇತುವೆಯ ಕೂಡುರಸ್ತೆ ದಾಟಿ, ಇಟ್ಟಿಗೆ ಗೂಡಿನ ಹತ್ತಿರ ನಿಂತು, ಗುಡ್ಡದ ಮೇಲೆ ಕೂತ ಆ ಕಡೆಯವರ ಮೇಲೆ ಮೂರು ಗುಂಡು ಹಾಕಿ ಬರಬೇಕು ಎಂಬುದು ಮಿರ್ಸಾದನ ಯೋಜನೆ. ಸುತ್ತಿಗೆ ಕೆಲಸ ಮಾಡಿತು. ಇಡೀ ಮುಖ್ಯಬೀದಿಯನ್ನು ದಾಟುವಷ್ಟು ಹೊತ್ತು ಹಿಲ್ಮಿಯ ತಾನು ಹೇಳಿದ್ದೆಲ್ಲ ನಿಜವಿರಬಹುದೇನೋ ಎಂದು ತಾನೇ ನಂಬಿದ.

ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಿಸಲು ಎಡಗೈಯ ಕಡ್ಡಿ ಎಳೆದ. ಟ್ಯಾಂಕು ತಿರುಗಿತು. ತಿರುಗುವುದನ್ನು ನಿಲ್ಲಿಸುವುದು ಹೇಗೆಂದು ರಾಂಕೊನನ್ನು ಕೇಳಿರಲಿಲ್ಲ. ಅದು ಒಂದೂಕಾಲು ಸುತ್ತು ಸುತ್ತಿ, ರಸ್ತೆಗೆ ಅಡ್ಡಲಾಗಿ ಕೂತು, ಪ್ರಾಣ ಬಿಟ್ಟಿತು.

ಗುಡ್ಡದ ಮೇಲಿಂದ ಗುಂಡುಗಳು ಆಲಿಕಲ್ಲಿನಂತೆ ಬಡಿದವು.

"ಹಾರಿಸೋ ವಾಹಿದ್!"

"ಯಾರ ಮೇಲೆ? ನಳಿಗೆ ಮಿರ್ಸಾದನ ಆಫೀಸಿನ ಕಡೆ ತಿರುಗಿದೆ. ಅಲ್ಲಾಡ್ತಾನೂ ಇಲ್ಲ."

"ನೀನು ಸೈನ್ಯದಲ್ಲಿ ಫಿರಂಗಿಯೋನಲ್ವೇನೋ?"

"ಬ್ಯಾಂಡಿನಲ್ಲಿದ್ದೆ. ಕಹಳೆ ಊದ್ತಿದ್ದೆ."

ಹಿಲ್ಮಿಯ ತನ್ನ ಆಲೂಗಡ್ಡೆಯ ಕತೆ ಹೇಳಿದ. ಮೂವತ್ತು ವರ್ಷದಲ್ಲಿ ಮೊದಲ ಸಲ. ಇಬ್ಬರೂ ನಗಲು ಶುರುಮಾಡಿದಾಗಲೇ ದೊಡ್ಡದೊಂದು ಬಂದು ಬಡಿಯಿತು. ರಬ್ಬರು ಹರಿಯಿತು, ಕಬ್ಬಿಣ ಹರಿಯಲಿಲ್ಲ. ವಾಹಿದನ ಎಡಗಿವಿಯಿಂದ ರಕ್ತ ಸುರಿಯಿತು. ಆ ಕಿವಿ ಮತ್ತೆಂದೂ ಕೇಳಲಿಲ್ಲ. ಹಿಲ್ಮಿಯ ತನ್ನ ಅಂಗಿ ಹರಿದು ಕಟ್ಟುತ್ತ, ಒಂದು ಬಡಾಯಿಗೆ ಇನ್ನೊಬ್ಬನ ಕಿವಿ ಹೋಯಿತಲ್ಲ ಎಂದು ಅತ್ತುಬಿಟ್ಟ. ಇದನ್ನು ಹೇಳುವಾಗ ಮಾತ್ರ ಅವನು ನಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಂಡಿನ ಸದ್ದು ಕಡಿಮೆಯಾಯಿತು. ಹೊರಗಿನಿಂದ ಯಾರೋ ತಟ್ಟಿದರು.

"ಒಳಗ್ಯಾರಪ್ಪಾ?" ಮುದುಕಿಯ ದನಿ.

"ನಾವು, ಅಜ್ಜಿ. ಓಡಿಹೋಗಿ, ಗುಂಡು ಬೀಳುತ್ತೆ!"

"ಇಲ್ಲಿಗೆ ಬೀಳಲ್ಲ, ನಿಮ್ಮ ಮರೆಯಿದೆಯಲ್ಲ. ನೀರು ತರೋಕೆ ಹೊರಟಿದೀನಿ. ಇದನ್ನ ಒಂದಡಿ ಮುಂದೆ ತಗೊಳ್ಳಿ, ಕೊನೇಲಿ ಗುಡ್ಡದೋರಿಗೆ ಕಾಲು ಕಾಣುತ್ತೆ."

"ಆಗಲ್ಲ ಅಜ್ಜಿ. ಕೆಟ್ಟಿದೆ."

"ಬಸ್ಸಿನ ಹಿಲ್ಮಿಯನೇನೋ? ಹಾಗಾದ್ರೆ ಬಿಡು," ಎಂದು ಅವಳು ಡಬ್ಬ ಎತ್ತಿಕೊಂಡು ನಡೆದಳು.

ಊರಿಗೆ ಉಳಿದಿದ್ದ ಒಂದೇ ನೀರಿನ ಊಟೆ ಆ ಕೂಡುರಸ್ತೆಯಾಚೆ ಇತ್ತು. ಬೇಸಿಗೆಯಿಂದ ಅಲ್ಲಿ ನೀರಿಗೆ ಹೋದ ನಾಲ್ವರು ಸತ್ತಿದ್ದರು. ತಳದ ಕಿಂಡಿಯಿಂದ ತೆವಳಿ ಹೊರಬಂದಾಗ ಹಿಲ್ಮಿಯ ಕಂಡದ್ದು ಟ್ಯಾಂಕಿನ ಮರೆಯಲ್ಲಿ ಬಗ್ಗಿ ಸಾಗುತ್ತಿದ್ದ ಹೆಂಗಸರ ಸಾಲು. ಬೈಯಲೆಂದೇ ಓಡಿಬಂದ ಮಿರ್ಸಾದನೂ ಆ ಸಾಲು ನೋಡಿ ಬಾಯಿ ಮುಚ್ಚಿಕೊಂಡ. ಯುದ್ಧದ ಮೂರು ವರ್ಷವೂ ಟ್ಯಾಂಕು ಅಲ್ಲೇ ನಿಂತಿತು. ಅದರ ಹಿಂದೆ ಮತ್ತೆ ಯಾರೂ ಸಾಯಲಿಲ್ಲ.

ಯುದ್ಧ ಮುಗಿದ ಮೇಲೆ ಸಭೆಯಲ್ಲಿ ಮಿರ್ಸಾದ್ ಪ್ರಶಸ್ತಿ ಪತ್ರ ಓದಿದ: ಅನುಭವಿ ಚಾಲಕರು ಆಯಕಟ್ಟಿನ ಜಾಗವನ್ನು ಕ್ಷಣಾರ್ಧದಲ್ಲಿ ಗುರುತಿಸಿ, ಅಲ್ಲೇ ಟ್ಯಾಂಕನ್ನು ನಿಲ್ಲಿಸಿದರು. ಹಿಲ್ಮಿಯ ಎದ್ದು ನಿಂತು ಎಲ್ಲವನ್ನೂ ಹೇಳಿದ, ಆಲೂಗಡ್ಡೆ, ಸುತ್ತಿಗೆ, ಸುತ್ತು ಹೊಡೆದದ್ದು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. "ಎಷ್ಟು ವಿನಯ ನೋಡಿ," ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು.

ಆ ಚಳಿಗಾಲ ರಾಂಕೊ ಬಂದ. ಟ್ಯಾಂಕಿನ ಮೇಲಿನ ಗುಂಡಿನ ಗುರುತುಗಳ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. "ನಮ್ಮೋರು ಇಷ್ಟೆಲ್ಲಾ ಹೊಡೆದ್ರಾ?" ಅಂದ. ಹಿಲ್ಮಿಯ ಅವನ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದ.

ತೊಂಬತ್ತೇಳರಲ್ಲಿ ವಿದೇಶಿ ಸೈನಿಕರು ದೊಡ್ಡ ಕ್ರೇನ್ ತಂದು ಅದನ್ನು ಗುಜರಿಗೆ ಎತ್ತಿಕೊಂಡು ಹೋದರು. ಜಾಗ ಖಾಲಿಯಾಯಿತು. ಆದರೂ ಊರಿನವರು ಅಲ್ಲಿಗೆ ಬಂದ ಕೂಡಲೇ ಬಗ್ಗುತ್ತಾರೆ, ಹನ್ನೊಂದು ಹೆಜ್ಜೆ ನಡೆದು ಮತ್ತೆ ನೆಟ್ಟಗಾಗುತ್ತಾರೆ. ಹಿಲ್ಮಿಯನೂ ಅಷ್ಟೇ.

"ನೆಟ್ಟಗೆ ನಡಿಯೋ, ಏನೂ ಇಲ್ಲ ಅಲ್ಲಿ," ಎಂದು ಜುಮ್ರೆತಾ ಹಿಂದಿನಿಂದ ಗದರುತ್ತಾಳೆ. ತಿರುಗಿ ನೋಡಿದರೆ ಅವಳೂ ಬಗ್ಗಿಯೇ ಬರುತ್ತಿರುತ್ತಾಳೆ.