ಪತ್ರದ ಮಾಮ

ನಮ್ಮ ಪುಟ್ಟ ವಿಮಾನ ನಿಲ್ದಾಣದಲ್ಲಿ ಪತ್ರದ ಮಾಮನನ್ನು ಅರಿಯದವರಿಲ್ಲ. ತೂಕದ ಯಂತ್ರಗಳ ರಿಪೇರಿಗೆಂದು ವಾರಕ್ಕೊಮ್ಮೆ ಹಾರುವ ಇವರಿಗೆ, ವಿಮಾನ ಎಷ್ಟು ತಡವೆಂಬುದು ಫಲಕಕ್ಕಿಂತ ಮೊದಲೇ ಗೊತ್ತಾಗುತ್ತದೆ. ಕೌಂಟರಿನಾಕೆ ಸುಮ್ಮಸುಮ್ಮನೆ ಸ್ಟೇಪ್ಲರ್ ಒತ್ತುತ್ತಿದ್ದರೆ ಒಂದು ಗಂಟೆ. ಮ್ಯಾನೇಜರೇ ಬಂದು ನಗುನಗುತ್ತ ಎಲ್ಲರ ಯೋಗಕ್ಷೇಮ ವಿಚಾರಿಸಿದರೆ ಮೂರು. ಎರಡು ಗಂಟೆ ದಾಟಿತೋ, ಮಾಮ ಪ್ಯಾಂಟು ಮೇಲೇರಿಸಿಕೊಂಡು ಎದ್ದರೆಂದೇ ಲೆಕ್ಕ. "ತಿಂಡಿ ಕೊಡೋದು ನಿಮ್ಮ ಉಪಕಾರ ಅಲ್ಲಮ್ಮ, ನಮ್ಮ ಹಕ್ಕು" ಎಂದು ಕೈಗೂಸಿನ ತಾಯಿಯಿಂದ ಹಿಡಿದು ಗೊರಕೆ ಹೊಡೆಯುವವರವರೆಗೆ ಎಲ್ಲರಿಗೂ ಕೂಪನ್ ಕೊಡಿಸುತ್ತಾರೆ. ತಾವು ಮಾತ್ರ ಮುಟ್ಟುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಪತ್ರ: ವಿಮಾನ ಇಷ್ಟು ತಡ, ಕಾರಣ ಇಂಥದ್ದು, ಕೆಳಗೆ ಸಹಿ, ಮೊಹರು. ಮೊಹರು ಮಸುಕಾಗಿದ್ದರೆ ಇನ್ನೊಮ್ಮೆ ಒತ್ತಿಸುತ್ತಾರೆ. "ಇದನ್ನೆಲ್ಲ ಯಾರು ಕೇಳ್ತಾರೆ ಮಾಮ?" ಎಂದು ಮ್ಯಾನೇಜರ್ ಗೋಳಾಡಿದರೆ, "ಕೇಳಿದಾಗ ಕೈಲಿರಬೇಕಪ್ಪ" ಎನ್ನುತ್ತಾರೆ. ಕುತೂಹಲ ತಡೆಯಲಾರದೆ ಮೊನ್ನೆ ನಾನು ಅವರ ಫೈಲನ್ನು ಕೇಳಿ ತೆರೆದೆ. ಪ್ಲಾಸ್ಟಿಕ್ ಕವರುಗಳಲ್ಲಿ ಎಪ್ಪತ್ತೆರಡು ಪತ್ರ, ಒಂದೂ ಮಡಿಕೆ ಬಿದ್ದಿಲ್ಲ. ಮೊಟ್ಟಮೊದಲ ಕವರು ಮಾತ್ರ ಖಾಲಿ. "ಇದರದ್ದು ಕಳೆದುಹೋಯ್ತಾ?" ಎಂದೆ. ಮಾಮ ಆ ಖಾಲಿ ಕವರನ್ನು ಅಂಗೈಯಿಂದ ಒರೆಸಿದರು. "ಅದು ನಮ್ಮಕ್ಕ ತೀರಿಕೊಂಡ ದಿನದ್ದು. ಐದು ಗಂಟೆ ಇದೇ ಕುರ್ಚೀಲಿ ಕೂತಿದ್ದೆ. ಪತ್ರ ಕೇಳಬಹುದು ಅಂತ ಆಗ ಗೊತ್ತಿರಲಿಲ್ಲ. ನಾನು ಬೇಕಂತಲೇ ಬರಲಿಲ್ಲ ಅಂತಾರೆ ಭಾವ, ಇವತ್ತಿಗೂ."